ಮಗರಿಬ್ ಹೊತ್ತಿನ ಅಂಗಳ

ಕಿವಿಯೊಳಗೆ ಒಂದು ಗವಿ, ಗವಿಯೊಳಗೆ ಕೂದಲೆಳೆಯಂಥ ಅಕ್ಕತಂಗಿಯರು. ಅವರು ಕೈ ಕೈ ಹಿಡಿದು ನಿಂತಿರುವ ತನಕ ಲೋಕದ ಸದ್ದಿಗೆ ಬಾಗಿಲು ತೆರೆದಿರುತ್ತದೆ. ಒಬ್ಬಳು ಕೈ ಬಿಟ್ಟಳೋ, ಮುಚ್ಚಿತು. ಸವಣೂರಿನ ಮರಿಯಮಬಿ ತನ್ನ ಮೊಮ್ಮಗಳು ಗುಲ್ನಾಜಳಿಗೆ ಚಿಕ್ಕಂದಿನಲ್ಲಿ ಹೇಳಿದ ಕಥೆಯಿದು. ಅದೇ ಕಥೆ ಹುಬ್ಬಳ್ಳಿಯ ಡಾಕ್ಟರ ಬಾಯಲ್ಲಿ ಬಂದಾಗ ಗುಲ್ನಾಜಳ ಮೈ ಜುಂ ಎಂದಿತು.

"ಒಳಗಿವಿಯೊಳಗ ಕೂದಲಿನಂಥ ಎಳಿ ಇರ್ತಾವ್ರಿ. ಒಂದರ ತುದಿಯಿಂದ ಇನ್ನೊಂದಕ್ಕ ಸಣ್ಣ ದಾರ. ಆ ದಾರದಾಗ ಎರಡು ಪ್ರೋಟೀನು, ನಡುವ ಕೈ ಹಿಡ್ಕೊಂಡಿರ್ತಾವ. ಸದ್ದಿಗೆ ಎಳಿ ಬಾಗಿದ್ರ ದಾರ ಜಗ್ಗತೈತಿ, ಬಾಗಲಾ ತೆರಿತೈತಿ. ನಿಮ್ಮ ಕೂಸಿನ್ಯಾಗ ಒಂದು ಪ್ರೋಟೀನಿಗೆ ಕೈ ಹಿಡಿಯೂ ಶಕ್ತಿನ ಇಲ್ಲ."

ನಾಲ್ಕು ವರ್ಷದ ಮಾಹೀರಾ ತೊಡೆಯ ಮೇಲೆ ಕುಳಿತು ತಾಯಿಯ ಬಳೆ ಎಣಿಸುತ್ತಿದ್ದಳು. ಹುಟ್ಟು ಕಿವುಡಿ. ನಡೆಯಲು ಕಲಿತದ್ದೂ ತಡವಾಗಿಯೇ.

"ಗಂಡ ಹೆಂಡ್ತಿ ಸಂಬಂಧದಾಗಿನವರೇನ್ರಿ?"

ಗುಲ್ನಾಜ ತಲೆಯಾಡಿಸಿದಳು. ಮರಿಯಮಬಿ ಅವಳಿಗೆ ನಾನಿ, ಎಂದರೆ ತಾಯಿಯ ತಾಯಿ; ಗಂಡ ಅಫ್ಜಲನಿಗೆ ದಾದಿ, ತಂದೆಯ ತಾಯಿ.

ಶಸ್ತ್ರಕ್ರಿಯೆ ಮಾಡಿ ಕಿವಿಗೆ ಯಂತ್ರ ಕೂಡಿಸಬಹುದು, ತಡ ಮಾಡಿದಷ್ಟೂ ಉಪಯೋಗ ಕಡಿಮೆ ಎಂದು ಡಾಕ್ಟರು ಹೇಳಿದರು. ಮನೆಯವರು ಅದನ್ನು ಆಗಲೇ ಬೇಡವೆಂದಿದ್ದರು. "ತಲಿ ಕೊರಸೂದು ಬ್ಯಾಡ, ಕೈಮಾತು ಸಾಕು" ಎಂದಿದ್ದಳು ಮರಿಯಮಬಿ. "ನಿನ್ನ ಬಾಯಿಗಿಂತ ಕೂಸಿನ ಕೈನ ಜೋರ ಐತಿ" ಎಂದು ಅಫ್ಜಲ ವೀಳ್ಯದೆಲೆ ಕಟ್ಟುತ್ತ ಹೆಂಡತಿಯನ್ನು ನೋಡಿ ನಕ್ಕಿದ್ದ.

"ಆ ಪ್ರೋಟೀನು ಕಣ್ಣಾಗೂ ಐತ್ರಿ," ಎಂದರು ಡಾಕ್ಟರು. "ಅದು ಕೆಟ್ರ ಮೊದಲ ಮಬ್ಬಿನ್ಯಾಗ ಕಾಣಾಂಗಿಲ್ಲ. ಕಣ್ಣು ಹ್ವಾದ್ರ ಕೈಮಾತೂ ಹೋಗತೈತಿ. ಸಂಜಿ ಮುಂದ ಎಡವತಾಳೇನು?"

"ಒಮ್ಮಿನೂ ಇಲ್ರಿ."

ಹೆಮ್ಮೆಯಿಂದಲೇ ಹೇಳಿದ್ದಳು. ರೈಲು ಸವಣೂರಿಗೆ ಇಳಿಯುವ ಯಲವಿಗಿ ಸ್ಟೇಷನ್ ಸಮೀಪಿಸುವಾಗ ಆ ಹೆಮ್ಮೆ ಅನುಮಾನವಾಯಿತು. ಅವರ ಮನೆಯಲ್ಲಿ ಮಗರಿಬ್ ಹೊತ್ತಿಗೆ, ಸೂರ್ಯ ಮುಳುಗಿದ ನಮಾಜಿನ ವೇಳೆಗೆ, ಮಕ್ಕಳು ಅಂಗಳಕ್ಕೆ ಇಳಿಯುವಂತಿಲ್ಲ. ಅಜಾನ್‌ಗೆ ಮೊದಲೇ ನಾನಿ ಎಲ್ಲ ಕೋಣೆಯ ದೀಪ ಹಾಕಿಬಿಡುವಳು. ನಾನಿಯ ಕಿವುಡಿ-ಮೂಗಿ ತಂಗಿಯನ್ನು ಆ ಹೊತ್ತಿನಲ್ಲೇ ಜಿನ್ ಬಾವಿಗೆ ಒಯ್ದಿತ್ತಂತೆ. ಮಾಹೀರಾ ಎಡವಲು ಅವಳು ಮಬ್ಬುಗತ್ತಲನ್ನು ಕಂಡದ್ದಾದರೂ ಯಾವಾಗ?

ಮರುದಿನ ಸಂಜೆ ಅಜಾನ್ ಕೇಳುತ್ತಲೇ ಗುಲ್ನಾಜ ಮಗಳನ್ನು ಅಂಗಳಕ್ಕಿಳಿಸಿದಳು.

"ಹುಚ್ಚಿ ಏನ ನೀ?" ನಾನಿ ಒಳಗಿನಿಂದ ಕೂಗಿದಳು. "ಜಿನ್ ತಿರಗೂ ಹೊತ್ತು. ಕೂಸಿನ್ನ ಒಳಗ ತಗೊಂಡ ಬಾ."

"ನೀ ದೀಪಾ ಹಾಕಬ್ಯಾಡ ನಾನಿ."

ಅಂಗಳದ ಬುಟ್ಟಿಯಲ್ಲಿದ್ದ ವೀಳ್ಯದೆಲೆಯ ನರಗಳು ಕೂಡ ಗುಲ್ನಾಜಳಿಗೆ ಕಾಣುವಷ್ಟು ಬೆಳಕಿತ್ತು. ನಾಲ್ಕು ಮಾರು ದೂರ ನಿಂತು ಅವಳು ಮೂಗುಬೊಟ್ಟಿಗೆ ಬೆರಳಿಟ್ಟಳು. ಅಮ್ಮ ಎಂಬುದಕ್ಕೆ ಅವರಿಬ್ಬರ ಮಾತು ಅದು. ಮಾಹೀರಾ ಇತ್ತಲೇ ಮುಖ ಮಾಡಿದ್ದಳು. ಆದರೆ ನೋಟ ತಾಯಿಯನ್ನು ಹಾಯ್ದು ಗೋಡೆಗೆ ಹೋಯಿತು. ಗುಲ್ನಾಜ ಮತ್ತೆ ಬೆರಳಿಟ್ಟಳು, ಕೈ ಬೀಸಿದಳು. ಮಗು ಗಾಳಿಯಲ್ಲಿ ಕೈ ಚಾಚಿ ಒಂದು ಹೆಜ್ಜೆ ಇಟ್ಟಿತು. ಇನ್ನೊಂದಕ್ಕೆ ಬುಟ್ಟಿ ತಾಗಿ ಮುಗ್ಗರಿಸಿತು.

ಎತ್ತಿಕೊಂಡವರು ಯಾರೆಂದು ಮಗುವಿಗೆ ತಿಳಿಯಲಿಲ್ಲ. ಪುಟ್ಟ ಬೆರಳು ಗಲ್ಲ ಹತ್ತಿತು, ತುಟಿ ಸವರಿತು, ಮೂಗುಬೊಟ್ಟು ಸಿಕ್ಕಲ್ಲಿ ನಿಂತಿತು.

ಮರಿಯಮಬಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

"ಹಂಗಾರ ನಮ್ಮ ತಂಗೀಗೂ ಹಿಂಗ ಕಾಣತಿದ್ದಿಲ್ಲೇನ? ಆಕಿನ್ನ ಜಿನ್ ಒಯ್ದಿದ್ದಿಲ್ಲೇನ?"

ಗುಲ್ನಾಜ ಮಗಳನ್ನು ಹೊತ್ತು ಹೊಸ್ತಿಲಿಗೆ ಬಂದಳು. ಅಂಗಳ ಕಪ್ಪಾಗುತ್ತಿತ್ತು. ಮುದುಕಿಯ ಕೈ ಗೋಡೆಯ ಮೇಲೆ ಸ್ವಿಚ್ಚು ಹುಡುಕುತ್ತಿತ್ತು.

"ಅಫ್ಜಲಗ ನಾ ಹೇಳ್ತೇನಿ," ಎಂದಳು. "ಕತ್ತಲಾಗ ಕೈಮಾತು ಎಲ್ಲಿ ಕಾಣತೈತಿ? ಕಿವಿ ಯಂತ್ರಕ್ಕ ನಾಳೆನ ಹೋಗ್ರಿ."