ಏಳನೆಯ ಲೆವೆಲ್ಲಿನ ಹಗೇವು

"ಮಜಾ ಬರ್ತಿಲ್ಲ, ಜೆಟ್."

ನನ್ನ ಹೆಸರು ಜಟ್ಟೆಪ್ಪ. ಪುಣೆಯ ನಿಶಿಕಾಂತ ಸರ್ ಬಾಯಲ್ಲಿ ಅದು ಜೆಟ್ ಆಗಿ ಹಾರಿಹೋಗುತ್ತದೆ. ಅವರು ಆಡುವುದು ಮರಾಠಿ. 'ಮಜಾ' ಅನ್ನುವಾಗ ಮೂಗು ಮೇಲೇಳುತ್ತದೆ, 'ನಾಹೀ' ಅನ್ನುವಾಗ ಭುಜ ಕೆಳಗಿಳಿಯುತ್ತದೆ. ನಾನು ಇದನ್ನು ಮಾಡಿ ತೋರಿಸಿದರೆ ಮಿರಜದ ನಮ್ಮ ಕಟ್ಟಡದಲ್ಲಿ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ, ಏಕೆಂದರೆ ಆ ಮಾತು ಬರುವುದು ನನಗೇ.

ನಿಶಿಕಾಂತ ಸರ್ ಕಂಪನಿ ಮೊಬೈಲಿನ ಮೇಲೆ ಆಡುವ ಆಟಗಳನ್ನು ಮಾಡುತ್ತದೆ. ನಿಧಿ ಹುಡುಕುವ ಹುಡುಗಿಯ ಆಟದಲ್ಲಿ ಏಳನೆಯ ಲೆವೆಲ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಡುಗಿ ಎಲ್ಲಿ ಹತ್ತಬೇಕು, ಎಲ್ಲಿ ಬೀಳಬೇಕು, ಏನನ್ನು ನೋಡಿ ಬೆರಗಾಗಬೇಕು, ಎಲ್ಲ ನಾನೇ ಯೋಚಿಸಬೇಕು. ಮೊದಲು ಕೋಟೆ ಕಟ್ಟಿದೆ, ಗೋಡೆಗೆ ಪಂಜು ಹಚ್ಚಿದೆ. "ಎಲ್ಲೋ ನೋಡಿದ ಹಾಗಿದೆ" ಅಂದರು. ಬೇರೆ ಆಟಗಳಲ್ಲಿ ನೋಡಿಯೇ ಇದ್ದರು, ನಾನೂ ಅಲ್ಲೇ ನೋಡಿದ್ದೆ. "ಕಂಪ್ಯೂಟರ್ ಬಿಟ್ಟು ಹೊರಗೆ ಹೋಗು, ಕಣ್ಣಿಂದ ಏನಾದರೂ ತಾ" ಅಂದರು. ಹೋದೆ. ನಮ್ಮೂರಿನ ಸಿತಾರ್ ಮಾಡುವವರ ಅಂಗಡಿಯಲ್ಲಿ ಒಣಗಿಸಲು ತೂಗುಹಾಕಿದ ದೊಡ್ಡ ದೊಡ್ಡ ಸೋರೆಬುರುಡೆಗಳನ್ನು ನೋಡಿ, ಅವುಗಳ ನಡುವೆ ಹುಡುಗಿ ಜಿಗಿಯುವ ಹಾಗೆ ಬರೆದೆ. "ಇದೇನು, ಕಾಯಿಪಲ್ಲೆ ಮಾರ್ಕೆಟ್ಟಾ?" ಅಂದರು.

ಕೊನೆಗೆ ಸಿಕ್ಕಿದ್ದು ಹಗೇವು. ನಮ್ಮದು ಅರಿಷಿಣ ವ್ಯಾಪಾರದ ಮನೆತನ. ಹರಿಪುರದಲ್ಲಿ ನೆಲದೊಳಗೆ ಅರಿಷಿಣ ತುಂಬಿಡುವ ನಮ್ಮ ಹಗೇವುಗಳಿವೆ. ಬಾಯಿ ಒಬ್ಬ ಮನುಷ್ಯ ಹಿಡಿಸುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ಮಹಾಪೂರಕ್ಕೆ ಸಿಕ್ಕಿ ಹಲವು ಕುಸಿದಿದ್ದವು, ಉಳಿದವುಗಳಲ್ಲೊಂದಕ್ಕೆ ಇಳಿದೆ. ಮೇಲಿನಿಂದ ಬಿದ್ದ ಬಿಸಿಲುಕೋಲಿನಲ್ಲಿ ಹಳದಿ ಧೂಳು ನಿಧಾನವಾಗಿ ತಿರುಗುತ್ತಿತ್ತು. ನಾನು ಯಾವ ಕೋಟೆಯಲ್ಲೂ ಕಾಣದ ಬೆಳಕು ಅದು. ಅದನ್ನೇ ಬರೆದೆ. ಹಗೇವಿನ ಬಾಯಿಯ ಪಕ್ಕ ಒಂದು ಕಂದೀಲು ಇಟ್ಟೆ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ಇರುತ್ತದೆ. ಕಂದೀಲು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಆಟದಲ್ಲೂ ಹಾಗೆಯೇ: ಸೀದಾ ಇಳಿದರೆ ಹುಡುಗಿ ಸಾಯುತ್ತಾಳೆ.

ನಾನು ಮಿರಜದಲ್ಲೇ ಕೂತು ಕೆಲಸ ಮಾಡುವ ಕಟ್ಟಡದ ಕೆಳಗಿನ ಮಹಡಿಯಲ್ಲಿ ಸಾಲ ಕೊಡುವ ಸಹಕಾರಿ ಪತಸಂಸ್ಥೆ. ನಮ್ಮ ಗುರುಸಿದ್ಧಪ್ಪ ಕಾಕಾ ಅದರ ಚೇರಮನ್. ಸರದಿಗೆ ಕಾದು ಕೂತ ಸಭಾಸದರ ಕೈಗೆ ಫೋನ್ ಕೊಟ್ಟು ಆಡಿಸಿದೆ. ಹರಿಪುರ, ಕವಲಾಪುರದ ಅರಿಷಿಣದ ಮಂದಿ. ಕಂದೀಲು ಕಂಡದ್ದೇ ತಡ, ಎಲ್ಲರೂ ಅದನ್ನೇ ಮುಟ್ಟಿದರು, ಎಲ್ಲರೂ ಗೆದ್ದರು.

"ಹೆಂಗೈತ್ರಿ?" ಅಂದೆ.

"ಮಂಜೂರ!" ಅಂತ ಒಬ್ಬರು ಅಂದರು.

"ಮಂಜೂರ, ಮಂಜೂರ!" ಅಂತ ಎಲ್ಲರೂ ಅಂದರು. ವಾರ್ಷಿಕ ಸಭೆಯಲ್ಲಿ ವಿಷಯ ಓದಿ ಮುಗಿಯುವ ಮೊದಲೇ ಅನ್ನುತ್ತಾರಲ್ಲ, ಅದೇ ರಾಗ. ಆ ರಾಗ ನನಗೆ ಬಾಯಿಪಾಠ. ಆದರೂ ಹಿಗ್ಗಿದೆ.

ಪುಣೆಯಲ್ಲಿ ಆಡಿದವರೆಲ್ಲ ಸತ್ತರು. "ಅನ್ಯಾಯ" ಅಂತ ಒಬ್ಬ, "ಯಾಕೆ ಸತ್ತೆ ಅಂತಲೇ ಗೊತ್ತಾಗಲಿಲ್ಲ" ಅಂತ ಇನ್ನೊಬ್ಬ. ಸರ್ ಫೋನ್ ಮಾಡಿದರು. "ಬಾಣದ ಗುರುತು ಹಾಕು. 'ಮೊದಲು ದೀಪ ಇಳಿಸಿ' ಅಂತ ಬೋರ್ಡು ನಿಲ್ಲಿಸು."

"ಬೋರ್ಡು ನಿಲ್ಲಿಸಿದರೆ ಅದು ಹಗೇವಲ್ಲ ಸರ್, ಮಿರಜ ಜಂಕ್ಷನ್."

ಅವರು ನಗಲಿಲ್ಲ. "ಶನಿವಾರ ನಾನೇ ಬರ್ತೀನಿ. ಅಷ್ಟರಲ್ಲಿ ಆಗದಿದ್ದರೆ ನಿನ್ನ ಲೆವೆಲ್ ತೆಗೆದು ಇಲ್ಲಿಯ ಹುಡುಗರು ಮಾಡಿದ ಸ್ಮಶಾನದ ಲೆವೆಲ್ ಹಾಕ್ತೀವಿ."

ಆ ಸ್ಮಶಾನ ನಾನು ನೋಡಿದ್ದೆ. ನನ್ನ ಕೋಟೆಯದೇ ಪಂಜುಗಳು, ನಡುವೆ ಗೋರಿ. ನನಗೆ ಉರಿದುಹೋಯಿತು. ನಾಲ್ಕು ದಿನ ಕಂದೀಲನ್ನು ದೊಡ್ಡದು ಮಾಡಿದೆ, ಮಿನುಗಿಸಿದೆ, ಅಲುಗಾಡಿಸಿದೆ. ಕೊನೆಗೆ ಅದು ಮದುವೆ ಮನೆಯ ಲೈಟಿನ ಸರದ ಹಾಗೆ ಕಂಡಿತು. ಎಲ್ಲವನ್ನೂ ಅಳಿಸಿದೆ.

ಶನಿವಾರ ಸರ್ ಬಂದು, ಫೋನ್ ಕೈಯಲ್ಲೇ ಇಟ್ಟುಕೊಂಡು, "ಮೊದಲು ನಿಜವಾದದ್ದು ತೋರಿಸು" ಅಂದರು. ಹರಿಪುರಕ್ಕೆ ಕರೆದೊಯ್ದೆ. ಕಾಕಾ ಮತ್ತು ಅವರ ಹೆಂಡತಿ ಸುನಂದಾ ಕಾಕು ಮೊದಲೇ ಬಂದು ಕೂತಿದ್ದರು. ಆಳುಗಳು ಹಗೇವಿನ ಬಾಯಿಯ ಮಣ್ಣು ಸರಿಸಿ ಕಲ್ಲು ಎತ್ತಿದರು. ಕಾಕು ಕಂದೀಲಿನ ಬತ್ತಿ ಸರಿಮಾಡುತ್ತ ಕೂತಳು. ಸರ್ ಬಗ್ಗಿ ನೋಡಿ, "ಆಹಾ" ಅಂದು, ಶೂ ಬಿಚ್ಚಿ, ಒಂದು ಕಾಲು ಒಳಗಿಟ್ಟೇ ಬಿಟ್ಟರು.

"ಏ ಏ ಏ! ನಿಂದರ್ರೀ!"

ಕಾಕಾನ ಆ ಕೂಗಿಗೆ ಪಕ್ಕದ ಮರದ ಕಾಗೆಗಳು ಎದ್ದವು. ಕಾಕುವೂ ಆಳುಗಳೂ ಒಟ್ಟಿಗೆ ಕೂಗಿದರು. ಕನ್ನಡದ ಒಂದಕ್ಷರ ಬಾರದ ಸರ್ ಕಾಲು ಗಾಳಿಯಲ್ಲೇ ನಿಂತಿತು. ಎಳೆದು ಕೂಡಿಸಿದೆವು. ಕಾಕಾ ಹಗ್ಗ ಕಟ್ಟಿ ಕಂದೀಲು ಇಳಿಬಿಟ್ಟರು. ಅದು ಒಂದಾಳು ಆಳಕ್ಕೆ ಹೋಗಿ ಸಣ್ಣದಾಯಿತು, ಆರಿತು.

ಸರ್ ಮುಖ ಬೆಳ್ಳಗಾಗಿತ್ತು. "ಮೊದಲೇ ಹೇಳಬಾರದೇ?"

"ಹೇಳೂದೇನೈತಿ?" ಕಾಕಾ ನನ್ನ ಕಡೆ ತಿರುಗಿದರು. "ಅದಕ್ಕಂತನ ನಾವು ಇಷ್ಟ ಮಂದಿ ನಿಂತೇವಲ್ಲ. ಹಗೇವು ಒಬ್ಬನ ತೆಗೀತಾನೇನಪಾ ಯಾರರ?"

ಒಬ್ಬರೇ ತೆಗೆಯುವುದಿಲ್ಲ. ಹುಟ್ಟಿದಾಗಿನಿಂದ ಕಂಡಿದ್ದೆ. ಕಂಡದ್ದರಲ್ಲಿ ಬೆಳಕು ತಂದೆ, ಧೂಳು ತಂದೆ, ಕಂದೀಲು ತಂದೆ. ಬಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಮನುಷ್ಯನನ್ನು ಮಾತ್ರ ಚಿತ್ರದಿಂದ ಆಚೆ ಬಿಟ್ಟು, ಆ ಹುಡುಗಿಯನ್ನು ಒಬ್ಬಳನ್ನೇ ಕಳಿಸಿದ್ದೆ.

ಎರಡು ದಿನ ವಾಯಿದೆ ಕೇಳಿದೆ. ಗಾಬರಿ ಇನ್ನೂ ಇಳಿಯದ ಸರ್ ಕೊಟ್ಟರು. ಆಟದ ಹಗೇವಿನ ಪಕ್ಕ ತಲೆಗೆ ಪಟಕಾ ಸುತ್ತಿದ ಒಬ್ಬ ಕಾಕಾನನ್ನು ಕೂಡಿಸಿದೆ. ಹುಡುಗಿ ಸೀದಾ ಕಾಲಿಟ್ಟರೆ ಆತ ಎದ್ದು ಕೂಗುತ್ತಾನೆ, ಕೈ ಕಂದೀಲಿನ ಕಡೆ ಹೋಗುತ್ತದೆ. ಕೂಗು ನನ್ನದೇ. ಗಂಟಲು ಹರಿಯುವವರೆಗೆ ಕಾಕಾ ಆದೆ.

ಅದನ್ನು ಕಾಕಾಗೆ ಹಚ್ಚಿ ಕೇಳಿಸಿದೆ. "ಛೇ, ನಾ ಹಿಂಗ ಒದರೂದಿಲ್ಲ ಬಿಡು" ಅಂದರು, ಥೇಟು ಹಾಗೆಯೇ ಒದರಿ.

ಪುಣೆಯಲ್ಲಿ ಯಾರೂ ಸಾಯಲಿಲ್ಲ. ಸ್ಮಶಾನ ಕೈಬಿಟ್ಟರು. ಮಧ್ಯಾಹ್ನ ಸರ್ ಮೇಲ್ ಬಂತು: "ಲೆವೆಲ್ ಉಳಿಯಿತು. ಒಂದೇ ಒಂದು ಬದಲಾವಣೆ. ಮುದುಕನ ಮಾತು ಯಾರಿಗೂ ಅರ್ಥವಾಗುವುದಿಲ್ಲ. ಹಿಂದಿಯಲ್ಲಿ ಮಾಡು, ಸ್ವಲ್ಪ ಮೃದುವಾಗಿ."

ಓದಿದೆ. ಮತ್ತೊಮ್ಮೆ ಓದಿದೆ. ಆಮೇಲೆ ತಡೆಯಲಾಗದೆ ಕಂಪ್ಯೂಟರಿನ ಮುಖಕ್ಕೇ ಕೂಗಿದೆ: "ಏ ಏ ಏ! ನಿಂದರ್ರೀ!"

ಕೆಳಗೆ ಪತಸಂಸ್ಥೆಯಲ್ಲಿ ಕುರ್ಚಿಗಳು ಸರಿದ ಸದ್ದು. ಕಾಕಾ ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಓಡಿಬಂದರು, ಹಿಂದೆ ಸಭಾಸದರು.

"ಯಾರ ಇಳದ್ರೋ?"

"ಯಾರೂ ಇಲ್ರಿ ಕಾಕಾ, ಹೋಗ್ರಿ."

ಅವರು ಬೈಯುತ್ತ ಇಳಿದುಹೋದ ಮೇಲೆ ಉತ್ತರ ಬರೆದೆ: "ಸರ್, ಹರಿಪುರದಲ್ಲಿ ನಿಮಗೆ ಅರ್ಥವಾಗಿತ್ತೇ? ಆದರೂ ಕಾಲು ನಿಂತಿತಲ್ಲ." ಅದರ ಕೆಳಗೆ, ಈ ಕಟ್ಟಡದಲ್ಲಿ ಇದುವರೆಗೆ ಯಾರೂ ಆಡದ ಒಂದು ಮಾತು ಹಾಕಿ ಕಳಿಸಿದೆ.

"ನಾಮಂಜೂರ."