ವೇರಾ ಭವಾನಿಗೆ ಹೇಳಿದ್ದು

ಭಾನುವಾರ ಊಟವಾದ ಮೇಲೆ ವಿಷ್ಣು ಕಂಪ್ಯೂಟರಿನ ಮುಂದೆ ಕೂತನೆಂದರೆ ಸಂಜೆಯ ಕಾಫಿಯವರೆಗೆ ಏಳುತ್ತಿರಲಿಲ್ಲ. ಅವನು ಆಡುತ್ತಿದ್ದುದು ಒಂದೇ ಆಟ, ‘ಆಶ್ ಹಾರ್ಬರ್’. ಎಂ.ಎಸ್ಸಿ. ಓದುವಾಗ ಹಿಡಿದದ್ದು, ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಗೋಪಾಳ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಬಿಟ್ಟಿರಲಿಲ್ಲ. ಯುದ್ಧದಲ್ಲಿ ಸುಟ್ಟುಹೋದ ಒಂದು ಬಂದರು ಪಟ್ಟಣ, ಅಲ್ಲಿ ಆಡುವವನೇ ಬಂದೂಕು ಹಿಡಿದು ಅಲೆಯುವ ಒಬ್ಬ, ಅವನ ಜೊತೆಗೆ ವೇರಾ ಎಂಬ ಡಾಕ್ಟರು. ಆಟ ಎಷ್ಟು ಹಳೆಯದೆಂದರೆ, ಮನುಷ್ಯರ ಮುಖಗಳು ಮರದಲ್ಲಿ ಕೆತ್ತಿದ ಹಾಗೆ ಕಾಣುತ್ತಿದ್ದವು.

ಹೆಂಡತಿ ಭವಾನಿಗೆ ಮೊದಲು ಇದರ ಬಗ್ಗೆ ತಕರಾರೇನೂ ಇರಲಿಲ್ಲ. ಅವಳಿಗೂ ವಾರವಿಡೀ ದುಡಿತ. ಬೆಳಗ್ಗೆ ಬೇಗ ಲ್ಯಾಬಿಗೆ ಹೋಗಿ ರಕ್ತ ತೆಗೆಯುವ ಕೆಲಸ, ಮಧ್ಯಾಹ್ನ ಮನೆಗೆ. ಭಾನುವಾರ ಅವಳು ಮಲಗುತ್ತಿದ್ದಳು, ಅವನು ಆಡುತ್ತಿದ್ದ.

ಒಂದು ಭಾನುವಾರ ನಿದ್ದೆ ಬಾರದೆ ದಾಳಿಂಬೆ ಬಿಡಿಸುತ್ತ ಅವನ ಪಕ್ಕ ಬಂದು ಕೂತಳು. ಪರದೆಯ ಮೇಲೆ ವೇರಾ ಏನೋ ಕೇಳಿದಳು. ಕೆಳಗೆ ನಾಲ್ಕು ಉತ್ತರಗಳು ಮೂಡಿದವು. ವಿಷ್ಣು ನಾಲ್ಕನ್ನೂ ಓದಿದ. ಗದ್ದ ಉಜ್ಜಿಕೊಂಡು ಮತ್ತೊಮ್ಮೆ ಓದಿದ.

“ಯಾಕ್ರೀ ಇಷ್ಟು ಯೋಚನೆ?” ಎಂದಳು ಭವಾನಿ.

“ತಪ್ಪು ಉತ್ತರ ಕೊಟ್ರೆ ಅವಳಿಗೆ ಬೇಜಾರಾಗುತ್ತೆ ಮಾರಾಯ್ತಿ.”

ಹಿಂದಿನ ವಾರವಷ್ಟೇ ಭವಾನಿ ಲ್ಯಾಬಿನಲ್ಲಿ ಮೇಲಿನ ಹುದ್ದೆ ಕೊಡುತ್ತಿದ್ದಾರೆ, ಒಪ್ಪಿಕೊಳ್ಳಲಾ ಎಂದು ಕೇಳಿದ್ದಳು. ಪೇಪರಿನಿಂದ ತಲೆ ಎತ್ತದೆ “ನಿನ್ನಿಷ್ಟ” ಅಂದಿದ್ದ. ಈಗ ಮರದ ಮುಖದ ಒಬ್ಬಳಿಗೆ ಬೇಜಾರಾಗದಂತೆ ಮಾತು ಹುಡುಕುತ್ತಿದ್ದಾನೆ. ದಾಳಿಂಬೆಯ ಬಟ್ಟಲನ್ನು ಅವನಿಗೆ ಕೊಡದೆ ಎದ್ದು ಹೋದಳು.

ಆಮೇಲೆ ಅವಳಿಗೆ ಎಲ್ಲವೂ ಕಾಣತೊಡಗಿತು. ವೇರಾ ಹಿಂದೆ ಬಿದ್ದರೆ ವಿಷ್ಣು ನಿಂತು ಕಾಯುತ್ತಿದ್ದ. ಅವಳಿಗೆ ಗಾಯವಾದರೆ ದೂರದ ಗೋದಾಮಿಗೆ ಹೋಗಿ ಔಷಧಿ ತರುತ್ತಿದ್ದ. ಅವಳ ತಂಗಿಯ ಕಥೆ ಬಂದಾಗ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು, ಎಷ್ಟನೆಯ ಸಲವೋ, ಮತ್ತೆ ಕೇಳುತ್ತಿದ್ದ. ತನಗೆ ಜ್ವರ ಬಂದಾಗ ಕಾಲೇಜಿನಿಂದ ‘ಮಾತ್ರೆ ತಗೋ’ ಎಂಬ ಮೆಸೇಜು ಮಾತ್ರ ಬಂದದ್ದು ಭವಾನಿಗೆ ನೆನಪಾಗುತ್ತಿತ್ತು. ಒಂದು ಗೊಂಬೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಎಂದು ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ಒಂದು ದಿನ ಲ್ಯಾಬಿನಿಂದ ನೇರ ಭದ್ರಾವತಿಯ ಬಸ್ಸು ಹತ್ತಿದಳು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಯೋಗರಾಜನ ಕಂಪ್ಯೂಟರ್ ರಿಪೇರಿ ಅಂಗಡಿ. ವಿಷ್ಣು ಮತ್ತು ಅವನು ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಅಕ್ಕಪಕ್ಕ ಬೆಳೆದವರು, ಈ ಆಟವನ್ನು ಮೊದಲು ಆಡಿದ್ದೂ ಜೊತೆಯಲ್ಲೇ.

“ಅತ್ತಿಗೆ, ಒಬ್ರೇ ಬಂದ್ರಾ? ವಿಷ್ಣು ಎಲ್ಲಿ?”

“ಅವರಿಗೆ ಹೇಳಿಲ್ಲ. ಆ ಗೇಮನ್ನ ನನ್ನ ಲ್ಯಾಪ್‌ಟಾಪಿಗೆ ಹಾಕ್ಕೊಡಿ ಯೋಗರಾಜ್.”

ಯೋಗರಾಜ ನಗಲಿಲ್ಲ. ಚಹಾ ತರಿಸಿ ಲ್ಯಾಪ್‌ಟಾಪ್ ತೆರೆದ.

“ಕಣ್ಣು ಕುಕ್ಕೋ ಅಂಥ ಗೇಮ್‌ಗಳು ಬಂದಿವೆಯಂತೆ. ಇದನ್ನೇ ಯಾಕೆ ಹಿಡ್ಕೊಂಡಿದ್ದಾರೆ ಅವರು?”

“ಶೂಟಿಂಗ್ ನೋಡಿದ್ರೆ ಇದರಲ್ಲಿ ಏನೂ ಇಲ್ಲ ಅತ್ತಿಗೆ. ಸರಿಯಾಗಿ ಗುರಿ ಇಟ್ರೂ ಗುಂಡು ಪಕ್ಕಕ್ಕೆ ಹೋಗುತ್ತೆ. ಆದ್ರೆ ನೀವು ಯಾರ ಹತ್ರ ಹೇಗೆ ಮಾತಾಡಿದ್ರಿ, ಯಾರನ್ನ ಬಿಟ್ಟು ಬಂದ್ರಿ, ಎಲ್ಲಾ ಇದು ನೆನಪಿಟ್ಕೊಳ್ಳುತ್ತೆ. ಅದಕ್ಕೆ ತಕ್ಕ ಹಾಗೆ ಮುಂದಿಂದು. ನಾನು ಕಳ್ಳನಾಗಿ ಆಡ್ದೆ, ಅವನು ಒಳ್ಳೆಯವನಾಗಿ ಆಡ್ದ. ನಾವಿಬ್ರೂ ನೋಡಿದ್ದು ಒಂದೇ ಊರು ಅಂತ ಹೇಳೋಕಾಗಲ್ಲ.”

“ಅವರು ಯಾವಾಗ್ಲೂ ಒಳ್ಳೆಯವರೇ?”

“ಅವನಿಗೆ ಬೇರೆ ಥರ ಆಡೋಕೆ ಬರಲ್ಲ ಬಿಡಿ.”

“ಮತ್ತೆ ಆ ವೇರಾ?”

“ಅವಳ ಕಥೆ ನಂಗೆ ಗೊತ್ತಿಲ್ಲ. ನಾನು ಅವಳನ್ನ ಮೊದಲನೇ ಸೇತುವೆ ಹತ್ರಾನೇ ಬಿಟ್ಟುಬಿಟ್ಟೆ.”

“ಬಿಡೋಕೂ ಬರುತ್ತಾ?” ಭವಾನಿ ಮುಂದಕ್ಕೆ ಬಾಗಿ ಕೇಳಿದಳು.

ಆ ಸೇತುವೆ ತಲುಪುವುದೇ ಅವಳಿಗೆ ದೊಡ್ಡ ಕೆಲಸವಾಯಿತು. ಮಧ್ಯಾಹ್ನಗಳಲ್ಲಿ ಕೂತು, ನಾಯಿಗಳ ಬಾಯಿಗೆ ಸಿಕ್ಕು, ಗೋಡೆ ಎಂದುಕೊಂಡಿದ್ದ ಕಡೆಯಿಂದ ಗುಂಡು ತಿಂದು ಮತ್ತೆ ಮತ್ತೆ ಸತ್ತಳು. ಕೊನೆಗೆ ಸೇತುವೆ ಬಂತು. ‘ನೀನು ಇಲ್ಲೇ ಇರು, ನನಗೆ ನಿನ್ನ ಅಗತ್ಯವಿಲ್ಲ’ ಎಂಬ ಉತ್ತರವನ್ನು ಒತ್ತಿ ತಿರುಗಿ ನೋಡದೆ ನಡೆದಳು. ಮನಸ್ಸಿಗೆ ತಂಪಾಯಿತು.

ಆದರೆ ಸೇತುವೆಯ ಆಚೆ ಕಾಲಿಗೆ ಗುಂಡು ಬಿದ್ದಾಗ ಕಟ್ಟು ಕಟ್ಟುವವರು ಯಾರೂ ಇರಲಿಲ್ಲ. ಕುಂಟುತ್ತ ಬಂದ ದಾರಿಯಲ್ಲೇ ಮರಳಿದಳು. ವೇರಾ ಒಂದೂ ಮಾತು ಕೇಳದೆ ಚೀಲ ಬಿಚ್ಚಿ ಕಾಲಿಗೆ ಕಟ್ಟು ಕಟ್ಟಿದಳು. ಅದು ಭವಾನಿಗೆ ಇನ್ನಷ್ಟು ಸಿಟ್ಟು ತಂದಿತು. ಅಂದಿನಿಂದ ಪ್ರತಿ ಮಾತಿಗೂ ಇದ್ದುದರಲ್ಲಿ ಕಟುವಾದ ಉತ್ತರವನ್ನೇ ಕೊಟ್ಟಳು. ವೇರಾ ಹಿಂದೆ ಹಿಂದೆ ನಡೆಯುತ್ತಲೇ ಇದ್ದಳು.

ಬಂದರಿನ ದೀಪಸ್ತಂಭದ ಹತ್ತಿರ ಭವಾನಿ ಒರಟಾಗಿ ಕೇಳಿದಳು: ನಿನಗೆ ನಿನ್ನದೇ ಮನೆಯಿಲ್ಲವೇ, ಯಾಕೆ ನನ್ನ ಬೆನ್ನು ಬಿದ್ದಿದ್ದೀಯ?

ವೇರಾ ನಿಂತಳು. ತಂಗಿಯ ಕಥೆ ಸುಳ್ಳು, ಒಳ್ಳೆಯ ಮಾತಾಡುವವರಿಗೆಲ್ಲ ಅದನ್ನೇ ಹೇಳುತ್ತೇನೆ, ಅವರಿಗೆ ಅದು ಸಾಕಾಗುತ್ತದೆ ಎಂದಳು. ಊರು ಹತ್ತಿ ಉರಿದ ದಿನ ಕೊನೆಯ ದೋಣಿಯಲ್ಲಿ ಅವಳಿಗೂ ಅವಳ ಗಂಡನಿಗೂ ಜಾಗ ಸಿಕ್ಕಿತ್ತಂತೆ. ದಡದಲ್ಲಿ ಗಾಯಗೊಂಡು ಬಿದ್ದವರನ್ನು ನೋಡಲು ಅವಳು ಇಳಿದಳು. ದೋಣಿ ಹೊರಟಿತು. ಗಂಡ ಕೈ ಬೀಸಿದ, ಇಳಿಯಲಿಲ್ಲ.

ಭವಾನಿ ಲ್ಯಾಪ್‌ಟಾಪನ್ನು ಮುಚ್ಚಿದಳು. ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ.

ಭಾನುವಾರ ಬರುವವರೆಗೆ ಹೊಟ್ಟೆಯಲ್ಲಿಟ್ಟುಕೊಂಡಿದ್ದು, ವಿಷ್ಣು ಕಂಪ್ಯೂಟರ್ ಹಚ್ಚುವಾಗ ಹೇಳಿದಳು: “ವೇರಾಗೆ ತಂಗಿ ಇಲ್ಲ, ಗೊತ್ತಾ? ಗಂಡ ಇದ್ದ.”

“ನಿಂಗೆ ಯಾರು ಹೇಳಿದ್ದು?”

“ಅವಳೇ.”

ಭದ್ರಾವತಿ, ಯೋಗರಾಜ, ಸೇತುವೆ, ದೀಪಸ್ತಂಭ, ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ವಿಷ್ಣುವಿನ ಮುಖ ಬಿಗಿಯಿತು. ಭವಾನಿಗೆ ಆ ಮುಖದ ಗುರುತು ಚೆನ್ನಾಗಿ ಹತ್ತಿತು. ಇಷ್ಟು ದಿನ ತನ್ನದಾಗಿದ್ದ ಸಂಕಟ ಈಗ ಅವನ ಮುಖಕ್ಕೆ ಹೋಗಿ ಕೂತಿತ್ತು.

“ಇಷ್ಟು ವರ್ಷ ಅವಳ ಜೊತೆಗಿದ್ದೀನಿ,” ಎಂದ. “ನಂಗೆ ಒಂದು ಮಾತು ಹೇಳಿಲ್ಲ.”

“ನೀವು ಕೇಳಿಲ್ಲ.”

“ಹಾಗೆ ಒರಟಾಗಿ ಹೇಗೆ ಕೇಳೋದು?”

ಅವನ ಹಳೆಯ ಆಟದಲ್ಲಿ ದೀಪಸ್ತಂಭ ದಾಟಿ ಎಷ್ಟೋ ಕಾಲವಾಗಿತ್ತು. ಹೊಸದಾಗಿ ಶುರುಮಾಡಿದ. ಭವಾನಿ ಎದ್ದು ಹೋಗದೆ ಪಕ್ಕದಲ್ಲೇ ಕೂತಳು. ದಾರಿಯೆಲ್ಲ ಬಾಯಿಪಾಠವಾಗಿದ್ದರಿಂದ ಅವನು ಬೇಗನೆ ವೇರಾಳನ್ನು ಭೇಟಿಯಾದ. ಅವಳು ನೀರು ಕೇಳಿದಳು. ‘ಹುಡುಕಿಕೊ ಹೋಗು’ ಎಂಬ ಉತ್ತರವೂ ಪರದೆಯ ಮೇಲಿತ್ತು. ವಿಷ್ಣುವಿನ ಬೆರಳು ಅದರ ಹತ್ತಿರ ಹೋಗಿ ನಿಂತಿತು. ಒತ್ತಲಾಗಲಿಲ್ಲ. ನೀರು ಕೊಟ್ಟುಬಿಟ್ಟ.

“ಒಂದು ಗೊಂಬೆಗೂ ಒರಟು ಮಾತು ಹೇಳೋಕಾಗಲ್ವಾ ನಿಮಗೆ?”

“ಆಗಲ್ಲ.”

“ನನ್ನ ಮೇಲೆ ಸಿಟ್ಟು ಬಂದ್ರೂ ಹೇಳಲ್ಲ. ಪೇಪರ್ ಹಿಡ್ಕೊಂಡು ಕೂತ್ಕೊಳ್ತೀರಿ. ಈಗ ಬಂದಿದೆ ತಾನೆ? ಹೇಳಿ.”

ವಿಷ್ಣು ಮೌಸನ್ನು ಪಕ್ಕಕ್ಕೆ ಸರಿಸಿದ. “ಬಂದಿದೆ,” ಎಂದ. “ನಂಗೆ ಹೇಳದೆ ನನ್ನ ಗೆಳೆಯನ ಹತ್ರ ಹೋಗಿದ್ದೀಯ. ಅವನ ಮುಂದೆ ನಾನು ಏನಾದೆ? ಇದೊಂದು ನಂದು ಅಂತ ಇತ್ತು, ಅದಕ್ಕೂ ನುಗ್ಗಿದೆ.”

“ನಿಮ್ಮದೊಂದು ಅಂತ ನಿಮಗಿದೆ. ನಂಗೇನಿದೆ ಈ ಮನೇಲಿ? ನಿಮ್ಮ ಬೆನ್ನು ನೋಡ್ಕೊಂಡು ಕೂರೋದು.”

ಜಗಳ ಜೋರಾಯಿತು. ಅತ್ತೆಯ ಮನೆಯ ವಿಷಯ ಬಂತು, ಮಾಡದೆ ಬಿಟ್ಟ ಪ್ರವಾಸ ಬಂತು, ಯಾವುದೋ ಮದುವೆಯಲ್ಲಿ ಅವಳನ್ನು ಮರೆತು ಅವನೊಬ್ಬನೇ ಊಟಕ್ಕೆ ಕೂತದ್ದು ಬಂತು. ವಿಷ್ಣುವಿನ ದನಿ ಅಷ್ಟು ಏರಿದ್ದನ್ನು ಭವಾನಿ ಕೇಳಿರಲಿಲ್ಲ. ಅವಳಿಗೆ ಅಳು ಬಂತು, ಆದರೂ ಅಲ್ಲಿಂದ ಏಳಬೇಕೆನಿಸಲಿಲ್ಲ. ಅವನು ಮಾತಾಡುತ್ತಿದ್ದುದು ಪೂರ್ತಿ ಅವಳ ಕಡೆ ತಿರುಗಿ. ಕಂಪ್ಯೂಟರಿನಲ್ಲಿ ವೇರಾ ನೀರು ಕುಡಿದು ಮುಗಿಸಿ, ಮುಂದಿನ ಮಾತಿಗಾಗಿ ನಿಂತೇ ಇದ್ದಳು.

ಮುಂದಿನ ಭಾನುವಾರ ವಿಷ್ಣು ತನ್ನ ಕಂಪ್ಯೂಟರನ್ನು ಹಚ್ಚಲಿಲ್ಲ. ಭವಾನಿ ಆಡುವುದನ್ನು ನೋಡಲು ಕುರ್ಚಿ ಎಳೆದುಕೊಂಡು ಬಂದ. ಅವಳ ಪಟ್ಟಣದಲ್ಲಿ ಅವನು ಎಂದೂ ಕಾಣದ ಒಂದು ಬಾಗಿಲು ತೆರೆದಿತ್ತು. ವೇರಾ ಅವಳ ಪಕ್ಕದಲ್ಲಿ ನಡೆಯುತ್ತ ಏನೋ ಹೇಳುತ್ತಿದ್ದಳು. ಭವಾನಿಯ ಕಿವಿಯಲ್ಲಿ ಇಯರ್‌ಫೋನಿತ್ತು.

“ಏನಂತೆ?” ಎಂದು ಕೇಳಿದ.

“ಅದು ನಂಗೆ ಹೇಳಿದ್ದು,” ಎಂದಳು ಭವಾನಿ. ಅವನ ಮುಖ ಸಣ್ಣದಾದದ್ದು ಕಂಡು ಅವಳಿಗೆ ಒಳಗೊಳಗೆ ಹಿತವೆನಿಸಿತು. ಸ್ವಲ್ಪ ಹೊತ್ತು ಹಾಗೆಯೇ ಸತಾಯಿಸಿ, ಒಂದು ಕಿವಿಯದನ್ನು ತೆಗೆದು ಅವನಿಗೆ ಕೊಟ್ಟಳು.