ಶರ್ವಾಣಿ ಓದಿದ ಚೀಟಿ

ಬಾನೆಟ್ ಎತ್ತಿ ನೋಡಿದ್ದಾಯಿತು, ಕೆಳಗೆ ಬಗ್ಗಿ ನೋಡಿದ್ದಾಯಿತು, ನಾಲ್ಕೂ ಟೈರಿಗೆ ಒದ್ದು ನೋಡಿದ್ದಾಯಿತು. ಆ ಬಿಳಿ ಗಾಡಿಯಲ್ಲಿ ಚಂದ್ರಮೌಳಿಗೆ ಒಂದು ಕುಂದೂ ಕಾಣಲಿಲ್ಲ. ಕಾಣದಿದ್ದುದಕ್ಕೇ ಅವನಿಗೆ ಒಳಗೊಳಗೇ ಪುಕಪುಕ. ಇಷ್ಟು ಕಡಿಮೆ ಬೆಲೆಗೆ ಇಷ್ಟು ಚೆನ್ನಾಗಿರುವ ಗಾಡಿ ಇಷ್ಟು ದಿನ ಇಲ್ಲೇ ಯಾಕೆ ನಿಂತಿದೆ?

"ಪುಟ್ಟಿ, ಆ ಚೀಟಿ ಇನ್ನೊಂದ್ಸಲ ಓದು," ಅಂದ ಮಗಳಿಗೆ.

ಮುಂದಿನ ಗಾಜಿಗೆ ಒಳಗಿನಿಂದ ಅಂಟಿಸಿದ್ದ ಚೀಟಿಯನ್ನು ಶರ್ವಾಣಿ ಬೆರಳಿಟ್ಟು ಓದಿದಳು. "ಟೂ ಥೌಸಂಡ್ ಸಿಕ್ಸ್ ಮಾಡೆಲ್. ಮೂವತ್ತೊಂದು ಸಾವಿರ ಕಿಲೋಮೀಟರ್. ಶಾಕೆನ್ ಇನ್ನೂ ಟ್ವೆಂಟಿ ತ್ರೀ ಮಂತ್ಸ್ ಇದೆ. ಆಕ್ಸಿಡೆಂಟ್ ಆಗಿಲ್ಲ. ದಟ್ಸ್ ಆಲ್, ಅಪ್ಪ."

ಶಾಕೆನ್ ಅಂದರೆ ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಸರ್ಕಾರಿ ತಪಾಸಣೆ. ಅದು ಮುಗಿದ ಗಾಡಿ ಕೊಂಡರೆ ಮತ್ತೆ ಲಕ್ಷ ಯೆನ್ ಕೈಬಿಟ್ಟಿತು ಅಂತಲೇ ಲೆಕ್ಕ. ಇದಕ್ಕೆ ಆ ತಾಪತ್ರಯವೂ ಇರಲಿಲ್ಲ.

ಆ ಮನೆಯಲ್ಲಿ ಜಪಾನಿ ಅಕ್ಷರ ಬಲ್ಲವಳು ಹನ್ನೊಂದು ವರ್ಷದ ಶರ್ವಾಣಿ ಒಬ್ಬಳೇ. ಯೋಕೋಹಾಮಾಕ್ಕೆ ಬಂದು ಏಳು ವರ್ಷವಾದರೂ ಚಂದ್ರಮೌಳಿಗೆ ಮಾತು ಹೇಗೋ ಬಂತು, ಓದು ಮಾತ್ರ ತಲೆಗೆ ಹತ್ತಲಿಲ್ಲ; ಹೆಂಡತಿ ನಮ್ರತಾಳಿಗೆ ಎರಡೂ ಬರಲಿಲ್ಲ. ಗ್ಯಾಸಿನ ಬಿಲ್ಲು, ವಾರ್ಡ್ ಆಫೀಸಿನ ಕಾಗದ, ಡಾಕ್ಟರು ಅಮ್ಮನಿಗೆ ಬರೆದುಕೊಟ್ಟ ಮಾತ್ರೆಯ ವಿವರ, ಎಲ್ಲವನ್ನೂ ಓದಿ ಹೇಳಬೇಕಾದವಳು ಶರ್ವಾಣಿಯೇ. ದೊಡ್ಡವರಿಬ್ಬರೂ ಅದನ್ನು ಕಂಡಕಂಡವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡರೇ ಹೊರತು, ಇಷ್ಟು ಚಿಕ್ಕ ಮಗುವಿನ ತಲೆಯ ಮೇಲೆ ಏನೇನು ಹೊರಿಸಿದ್ದೇವೆ ಅಂತ ಒಂದು ದಿನವೂ ಯೋಚಿಸಿದವರಲ್ಲ.

ಗಾಡಿ ಬೇಕಾಗಿದ್ದು ನಮ್ರತಾಳಿಗೆ. ಹಿಂದಿನ ಮಾರ್ಚಿನಲ್ಲಿ ಭೂಮಿ ನಡುಗಿದ ಮಧ್ಯಾಹ್ನ ಅವಳು ಟ್ರೈನಿನಲ್ಲಿದ್ದಳು. ಸೇತುವೆಯ ಮೇಲೆ ನಿಂತ ಡಬ್ಬಿ ಮತ್ತೆ ಮತ್ತೆ ತೂಗಾಡುತ್ತಿತ್ತು, ಬಾಗಿಲು ಮೂರು ತಾಸು ತೆರೆಯಲಿಲ್ಲ. ಅಂದಿನಿಂದ ಅವಳು ಸ್ಟೇಷನ್ನಿನ ಮೆಟ್ಟಿಲು ಹತ್ತಿಲ್ಲ. ಬಸ್ಸಿನ ಬಾಗಿಲು ಮುಚ್ಚಿಕೊಂಡರೂ ಪಾಪ, ಬೆವರಿ ಒದ್ದೆಯಾಗುತ್ತಿದ್ದಳು. ಮನೆ, ಬೀದಿ ಮೂಲೆಯ ಕೊಂಬಿನಿ ಅಂಗಡಿ, ಮಗಳ ಶಾಲೆ, ಇಷ್ಟರಲ್ಲೇ ಅವಳ ವರ್ಷ ಮುಗಿದುಹೋಯಿತು. "ಗಾಡಿಯಾದ್ರೆ ಬಾಗಿಲು ನನ್ನ ಕೈಲಿರುತ್ತೆ ರೀ," ಅಂದಿದ್ದಳು. ಮೈಸೂರಿನ ತುಂಬ ಕಾರು ಓಡಿಸಿದವಳು, ಇಲ್ಲಿಯ ಲೈಸೆನ್ಸನ್ನೂ ಮೊದಲೇ ಮಾಡಿಸಿಟ್ಟಿದ್ದಳು.

ಗಾಡಿ ಸಿಗದಿದ್ದರೆ ಶಾಲೆಯ ವರ್ಷ ಮುಗಿಯುತ್ತಲೇ ತಾಯಿ ಮಗಳು ಮೈಸೂರಿಗೆ ಹೋಗುವುದು, ಕಾಂಟ್ರಾಕ್ಟ್ ಮುಗಿಯುವ ತನಕ, ಇನ್ನೂ ಮೂರು ವರ್ಷ, ಚಂದ್ರಮೌಳಿ ಒಬ್ಬನೇ ಇಲ್ಲಿರುವುದು. ಇದನ್ನವಳು ಜಗಳವಾಡುತ್ತ ಹೇಳಿದ್ದರೆ ಹೇಗೋ ಸಮಾಧಾನ ಮಾಡಬಹುದಿತ್ತು. ಸಾರು ಬಡಿಸುತ್ತ ತಣ್ಣಗೆ ಹೇಳಿದಳು. ಪಕ್ಕದಲ್ಲೇ ಹೋಮ್‌ವರ್ಕ್ ಬರೆಯುತ್ತಿದ್ದ ಶರ್ವಾಣಿ ತಲೆ ಎತ್ತಲಿಲ್ಲ. ಅವಳ ಕಿವಿಗೆ ಬಿದ್ದಿಲ್ಲ ಅಂದುಕೊಂಡರು.

ಆಮೇಲೆ ನಾಲ್ಕು ಭಾನುವಾರ ಅಲೆದರು. ಉತ್ತರದಲ್ಲಿ ಸುನಾಮಿ ಎಷ್ಟು ಗಾಡಿಗಳನ್ನು ಕೊಚ್ಚಿಕೊಂಡು ಹೋಗಿತ್ತೆಂದರೆ, ಆ ಕಡೆಯವರು ಬಂದು ಇಲ್ಲಿದ್ದ ಅಗ್ಗದ ಗಾಡಿಗಳನ್ನೆಲ್ಲ ಕೊಂಡೊಯ್ದಿದ್ದರು. ಉಳಿದವು ಒಂದೋ ಕೈಗೆಟುಕವು, ಇಲ್ಲವೇ ಗುಜರಿಗೆ ಹಾಕುವಂಥವು. ಇವತ್ತಿನದು ಶಾಲೆಯ ವರ್ಷ ಮುಗಿಯುವ ಮುಂಚಿನ ಕೊನೆಯ ಭಾನುವಾರ. ಹೆದ್ದಾರಿ ಪಕ್ಕದ ಈ ಅಂಗಡಿಗೆ ಮೂವರೂ ಒಂದು ಗಂಟೆ ನಡೆದೇ ಬಂದಿದ್ದರು.

ನಮ್ರತಾ ಸ್ಟಿಯರಿಂಗ್ ಹಿಡಿದು ಕೂತು ಕಿಟಕಿಯ ಗಾಜನ್ನು ಇಳಿಸಿದಳು, ಏರಿಸಿದಳು, ಮತ್ತೆ ಇಳಿಸಿದಳು. ಸೀಟನ್ನು ಮುಂದಕ್ಕೆಳೆದುಕೊಂಡಳು. "ರೀ, ಇದೇ ಸಾಕು. ನಿಶಿ ಕಸಾಯಿ ತನಕ ಹೋಗಿ ನನ್ನ ಗೆಳತಿ ತಾರಾನ ನೋಡ್ಕೊಂಡು ಬರಬಹುದು. ವರ್ಷ ಆಯ್ತು ಅವಳ ಮುಖ ನೋಡಿ," ಅಂದು ನಕ್ಕಳು. ಅಯ್ಯೋ, ಅವಳು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತು! ಚಂದ್ರಮೌಳಿ ಜೇಬಿಗೆ ಕೈ ಹಾಕಿದ. ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಿದ್ದ, ಅಷ್ಟರಲ್ಲಿ ಇವನು ಬೆಳಿಗ್ಗೆ ಸಲಹೆ ಕೇಳಿದ್ದ ಆಫೀಸಿನ ಗೆಳೆಯ ಅಶೋಕನ ಫೋನ್ ಬಂತು.

"ಗುರು, ಹಿಂದಿನ ಸೀಟ್ ಬೆಲ್ಟ್ ಪೂರ್ತಿ ಎಳ್ದು ನೋಡಿದ್ಯಾ? ಸೀಟು, ಕಾರ್ಪೆಟ್ ಎಲ್ಲಾ ಚೇಂಜ್ ಮಾಡಿರ್ತಾರೆ. ಬೆಲ್ಟ್ ಮಾತ್ರ ಯಾರೂ ಮುಟ್ಟಿರಲ್ಲ."

ಚಂದ್ರಮೌಳಿ ಹಿಂದಿನ ಬಾಗಿಲು ತೆರೆದು ಬೆಲ್ಟ್ ಎಳೆದ. ಎಳೆದಷ್ಟೂ ಕಪ್ಪಗೆ ಶುಭ್ರವಾಗಿ ಬಂತು. ಕೊನೆಯ ಒಂದು ಗೇಣು ಮಾತ್ರ ಕಂದುಬಣ್ಣ. ಗೆರೆ ಎಳೆದಂತೆ ಅಲ್ಲಿಂದ ಕೆಳಕ್ಕೆ ಕೆಸರು ಒಣಗಿ ಹತ್ತಿಕೊಂಡಿತ್ತು. ಬೆರಳಿಗೆ ಹಿಟ್ಟಿನಂತೆ ನುಣ್ಣನೆಯ ಪುಡಿ ಬಂತು. ಅವನು ಅಂಗಡಿಯವರನ್ನು ಕೂಗಿದ.

ಅಂಗಡಿಯ ತನಾಬೆ ಸಾನ್ ಅರವತ್ತು ದಾಟಿದ ಮನುಷ್ಯ. ಕರೆದ ಕೂಡಲೇ ಟೋಪಿ ತೆಗೆದು ಬಂದರು. ಬೆಲ್ಟ್ ತೋರಿಸಿದರೆ ಅವರ ಮುಖದಲ್ಲಿ ಗಾಬರಿಯೂ ಇಲ್ಲ, ನಾಚಿಕೆಯೂ ಇಲ್ಲ. ನೇರ ಚೀಟಿಯ ಹತ್ತಿರ ಹೋಗಿ ತುದಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಸಾಲನ್ನು ತೋರಿಸಿದರು.

"ಬರೆದಿದ್ದೇನಲ್ಲ. ಇದು ಒಮ್ಮೆ ನೀರಿನಲ್ಲಿ ಮುಳುಗಿದ ಗಾಡಿ. ಇವತ್ತು ಓಡುತ್ತದೆ, ಎಷ್ಟು ದಿನ ಅಂತ ನಾನು ಹೇಳಲಾರೆ. ಒಂದೊಂದು ಸಲ ಕಿಟಕಿ, ಬಾಗಿಲಿನ ಲಾಕು ಕೆಲಸ ಮಾಡದೆ ನಿಂತುಬಿಡುತ್ತವೆ. ಅದಕ್ಕೇ ಈ ಬೆಲೆ." ಶರ್ವಾಣಿಯ ಕಡೆ ನೋಡಿ, "ನಿಮ್ಮ ಮಗಳು ಎರಡು ಸಲ ಓದಿದರು. ಹಾಗಾಗಿ ನಾನು ಮತ್ತೆ ಹೇಳಲಿಲ್ಲ. ಕ್ಷಮಿಸಬೇಕು," ಎಂದು ತಲೆ ಬಾಗಿಸಿದರು.

'ನೀರು' ಎಂಬ ಅಕ್ಷರ ಚಂದ್ರಮೌಳಿಗೂ ಗೊತ್ತಿತ್ತು. ಪ್ರತಿ ತಿಂಗಳೂ ನಲ್ಲಿಯ ಬಿಲ್ಲಿನ ಮೇಲೆ ಇರುವುದೇ. ಮಗಳಿದ್ದಾಳಲ್ಲ ಅಂತ ಚೀಟಿಯ ಕಡೆ ಕಣ್ಣೇ ಹಾಯಿಸಿರಲಿಲ್ಲ, ಬೆಪ್ಪ.

ಶರ್ವಾಣಿ ಗಾಡಿಯ ಹಿಂದೆ ನಿಂತು ಶೂ ತುದಿಯಿಂದ ಜಲ್ಲಿ ಕೆದಕುತ್ತಿದ್ದಳು.

"ಯಾಕೆ ಪುಟ್ಟಿ ಅದನ್ನ ಬಿಟ್ಬಿಟ್ಟೆ?"

"ಓದಿದ್ರೆ ನೀನು ನೋ ಅಂತಿದ್ದೆ." ಅವಳು ಅಪ್ಪನ ತೋಳು ಹಿಡಿದುಕೊಂಡಳು. "ದೆನ್ ಅಮ್ಮ ನಮ್ಮ ಟಿಕೆಟ್ ಬುಕ್ ಮಾಡ್ತಾಳೆ. ನೀನು ಒಬ್ನೇ ಆಗ್ತೀಯ. ಸ್ಲೋ ಆಗಿ ಓಡ್ಸಿದ್ರೆ ಏನೂ ಆಗಲ್ಲ ಅಪ್ಪ. ಅಮ್ಮಂಗೆ ಹೇಳ್ಬೇಡ. ಪ್ಲೀಸ್."

ಸುಳ್ಳು ಯಾಕೆ ಹೇಳಬೇಕು, ಅವನಿಗೂ ಆಸೆಯಾಯಿತು. ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ರುಜು ಹಾಕಿದ್ದರೆ ಸಾಕಿತ್ತು. ಮೂರು ವರ್ಷ ಓಡಿದರೆ ಸಾಕು. ಓಡೀತು. ಓಡದೆ ಎಲ್ಲಿಗೆ ಹೋದೀತು? ಆದರೆ ಯಾವುದೋ ಸುರಂಗದ ನಡುವೆ ಗಾಡಿ ನಿಂತು, ಗಾಜು ಇಳಿಯದೆ, ನಮ್ರತಾ ಆ ಬಾಗಿಲನ್ನು ಬಡಿಯುತ್ತಿರುವುದು ಅವನ ಕಣ್ಣಿಗೆ ಕಟ್ಟಿತು.

ಡ್ರೈವರ್ ಸೀಟಿನ ಹತ್ತಿರ ಹೋಗಿ, "ಇಳಿ ನಮ್ರತಾ. ಇದು ಬೇಡ," ಅಂದ.

"ಯಾಕ್ರೀ? ಎಷ್ಟು ಚೆನ್ನಾಗಿದೆ."

"ನೀರಲ್ಲಿ ಮುಳುಗಿದ್ದಂತೆ. ಮೊದಲೇ ಹೇಳಿದ್ರು. ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ನಮ್ರತಾ ಅವನ ಮುಖ ನೋಡಿದಳು, ಆಮೇಲೆ ದೂರ ನಿಂತಿದ್ದ ಮಗಳ ಮುಖ ನೋಡಿದಳು. ಅವಳಿಗೆ ತಿಳಿಯಿತೋ ಇಲ್ಲವೋ. ಕೀಲಿ ತೆಗೆದು ಗಂಡನ ಕೈಗಿಟ್ಟು, ಸೀಟನ್ನು ಮೊದಲಿದ್ದ ಜಾಗಕ್ಕೇ ತಳ್ಳಿ ಇಳಿದಳು.

"ಇರ್ಲಿ ಬಿಡಿ. ನೀವಾದ್ರೂ ಏನ್ಮಾಡ್ತೀರ," ಅಂದಳು. ಆಮೇಲೆ ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ, "ನಾಳೆ ಟಿಕೆಟ್ ನೋಡ್ಬಿಡಿ. ಲೇಟಾದ್ರೆ ರೇಟ್ ಜಾಸ್ತಿ ಆಗುತ್ತೆ."

ಹಿಂದಿನ ಬಾಗಿಲು ಧಡ್ ಎಂದಿತು. ಶರ್ವಾಣಿ ಒಳಗೆ ಹೋಗಿ ಕೂತು ಬೆಲ್ಟ್ ಹಾಕಿಕೊಂಡಿದ್ದಳು.

"ಬಾ ಪುಟ್ಟಿ, ಮನೆಗೆ ಹೋಗೋಣ." ಅವಳು ಅಲ್ಲಾಡಲಿಲ್ಲ. ಅಳುತ್ತಲೂ ಇರಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಹೊರಡುವುದನ್ನು ಕಾಯುತ್ತಿರುವವಳ ಹಾಗೆ ನೇರ ಮುಂದಕ್ಕೆ ನೋಡುತ್ತಿದ್ದಳು.

ಚಂದ್ರಮೌಳಿ ಆ ಕಡೆಯಿಂದ ಬಾಗಿಲು ತೆರೆದು ಅವಳ ಪಕ್ಕದಲ್ಲಿ ಕೂತ. ನಮ್ರತಾ ರಸ್ತೆಯ ಕಡೆ ನಾಲ್ಕು ಹೆಜ್ಜೆ ಇಟ್ಟವಳು ತಿರುಗಿ ನೋಡಿದಳು. ಹಿಂದಕ್ಕೆ ಬಂದು, ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು.

ಕೀಲಿ ಇಸಿದುಕೊಳ್ಳಲು ಬರುತ್ತಿದ್ದ ತನಾಬೆ ಸಾನ್, ಮೂವರೂ ಒಳಗೆ ಕೂತಿರುವುದನ್ನು ಕಂಡು ಅಲ್ಲೇ ನಿಂತರು. ಸ್ವಲ್ಪ ಹೊತ್ತು ನೋಡಿ, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಿರುಗಿದರು.